ಐನೂರು ಸೀಟು ಬಿಟ್ಟುಕೊಟ್ಟ ಸಭಾಂಗಣ: ನ್ಯೂಯಾರ್ಕಿನ ಗೆಫೆನ್ ಹಾಲ್, ಒಂದು ಪ್ರಕರಣ ಅಧ್ಯಯನ

ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿರುವ ದೊಡ್ಡ ಸಂಗೀತ ಸಭಾಂಗಣಕ್ಕೆ ಅರವತ್ತು ವರ್ಷಗಳಲ್ಲಿ ಮೂರು ಹೆಸರು. 1962ರಲ್ಲಿ ಬಾಗಿಲು ತೆರೆದಾಗ ಅದು ಫಿಲ್ಹಾರ್ಮಾನಿಕ್ ಹಾಲ್. 1973ರಿಂದ ಏವರಿ ಫಿಶರ್ ಹಾಲ್. 2015ರಿಂದ ಡೇವಿಡ್ ಗೆಫೆನ್ ಹಾಲ್. ಈ ಅವಧಿಯಲ್ಲಿ ಒಳಭಾಗವನ್ನು ಎರಡು ಸಲ ಪೂರ್ತಿ ಕಿತ್ತು ಹೊಸದಾಗಿ ಕಟ್ಟಿದರು. ನಡುನಡುವೆ ಮಾಡಿಸಿದ ರಿಪೇರಿ ಹಲವು. ದೂರು ಮಾತ್ರ ಮೊದಲ ವಾರದಿಂದ 2022ರಲ್ಲಿ ಎರಡನೆಯ ಸಲ ಕಟ್ಟಿ ಮುಗಿಸುವವರೆಗೂ ಒಂದೇ: ಇಲ್ಲಿ ಸಂಗೀತ ಸರಿಯಾಗಿ ಕೇಳಿಸುವುದಿಲ್ಲ.

ಹಣಕ್ಕೆ ಕೊರತೆಯಿಲ್ಲದ, ಆ ಕಾಲದ ಅತ್ಯುತ್ತಮ ತಜ್ಞರೇ ನಿಂತು ಮಾಡಿಸಿದ ಕೆಲಸ ಹೀಗೇಕಾಯಿತು ಎಂಬುದನ್ನು ಸಭಾಂಗಣ ಕಟ್ಟಿಸುವ, ದುರಸ್ತಿ ಮಾಡಿಸುವ ಸಮಿತಿಗಳಲ್ಲಿ ಕೂರುವವರು ತಿಳಿದುಕೊಳ್ಳಬೇಕು. ಸಾರ್ವಜನಿಕ ದಾಖಲೆಯಲ್ಲಿರುವ ಕೆಲವರ ಹೆಸರು ಹೇಳದೆ ವಿಧಿಯಿಲ್ಲ. ಉಳಿದಂತೆ ವಾದಕರು, ಸಮಿತಿಯ ಸದಸ್ಯರು, ಸಿಬ್ಬಂದಿ ಎಲ್ಲರನ್ನೂ ಅವರವರ ಕೆಲಸದಿಂದಷ್ಟೇ ಕರೆದಿದ್ದೇನೆ.

ಹಿನ್ನೆಲೆ

ಮೊದಲು ಒಂದು ಮಾತು. ನಮ್ಮ ಸಭೆಗಳಲ್ಲಿ ಗಾಯಕರ ಮುಂದೆ ಮೈಕು, ವೀಣೆಗೆ ಕಾಂಟ್ಯಾಕ್ಟ್ ಮೈಕು, ಮೃದಂಗದ ಎರಡೂ ಬದಿಗೆ ಮೈಕು ಇರುತ್ತದೆ. ಹಾಲ್ ಹೇಗೇ ಇರಲಿ, ಮಿಕ್ಸರ್ ಮುಂದೆ ಕುಳಿತವರು ಸುಧಾರಿಸುತ್ತಾರೆ. ಪಾಶ್ಚಾತ್ಯ ಸಿಂಫನಿ ಆರ್ಕೆಸ್ಟ್ರಾಕ್ಕೆ ಆ ಆಸರೆ ಇಲ್ಲ. ನೂರರಷ್ಟು ವಾದಕರ ನಾದವನ್ನು ಕೊನೆಯ ಸಾಲಿಗೆ ಮುಟ್ಟಿಸಬೇಕಾದ್ದು ಗೋಡೆ, ಚಾವಣಿ, ನೆಲ. ಅಲ್ಲಿ ಕಟ್ಟಡವೂ ಒಂದು ವಾದ್ಯ, ಅದರಲ್ಲಿ ಅಪಸ್ವರವಿದ್ದರೆ ವೇದಿಕೆಯ ಮೇಲೆ ಕುಳಿತವರು ಎಷ್ಟೇ ದೊಡ್ಡ ವಿದ್ವಾಂಸರಾದರೂ ಸರಿಪಡಿಸಲಾಗದು.

ನ್ಯೂಯಾರ್ಕ್ ಫಿಲ್ಹಾರ್ಮಾನಿಕ್ 1842ರಲ್ಲಿ ಹುಟ್ಟಿದ ವಾದ್ಯವೃಂದ. ದಶಕಗಳ ಕಾಲ ಅದು ನುಡಿಸುತ್ತಿದ್ದುದು 1891ರಲ್ಲಿ ಕಟ್ಟಿದ ಕಾರ್ನೆಗಿ ಹಾಲ್‌ನಲ್ಲಿ. 1950ರ ದಶಕದಲ್ಲಿ ಕಾರ್ನೆಗಿ ಹಾಲ್ ಅನ್ನು ಮಾರಿ ಕೆಡವುವ ಮಾತು ಎದ್ದಿತು. ವೃಂದಕ್ಕೆ ಬೇರೆ ಮನೆ ಬೇಕಾಯಿತು. ಅದೇ ಹೊತ್ತಿಗೆ ನಗರದ ಪಶ್ಚಿಮ ಭಾಗದಲ್ಲಿ ಲಿಂಕನ್ ಸೆಂಟರ್ ಎಂಬ ಕಲಾ ಸಂಕೀರ್ಣದ ಯೋಜನೆ ಸಿದ್ಧವಾಗುತ್ತಿತ್ತು. 1959ರ ಮೇ ತಿಂಗಳಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಬಂದು ಗುದ್ದಲಿ ಪೂಜೆ ಮಾಡಿದರು.

ಆ ನೆಲ ಖಾಲಿ ಇರಲಿಲ್ಲ. ಸ್ಯಾನ್ ವಾನ್ ಹಿಲ್ ಎಂಬ ಬಡಾವಣೆ ಅಲ್ಲಿತ್ತು. ಕಪ್ಪು ಜನರೂ ಪೋರ್ಟೊ ರಿಕೊ ಮೂಲದವರೂ ಹೆಚ್ಚಾಗಿ ಇದ್ದ ಜಾಗ, ಜಾಝ್ ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಬೆಳೆದ ಜಾಗ. ನಗರದ ನಿರ್ಮಾಣ ಯೋಜನೆಗಳ ಪ್ರಬಲ ಅಧಿಕಾರಿ ರಾಬರ್ಟ್ ಮೋಸೆಸ್ ಮುಂದಾಳತ್ವದ ‘ಕೊಳೆಗೇರಿ ನಿರ್ಮೂಲನೆ’ಯಲ್ಲಿ 7,000ಕ್ಕೂ ಹೆಚ್ಚು ಕುಟುಂಬಗಳನ್ನು ಒಕ್ಕಲೆಬ್ಬಿಸಿದರು. ಸಭಾಂಗಣದ ಚರಿತ್ರೆ ಬರೆಯುವವರು ಬಹುಕಾಲ ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಿದ್ದರು. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಇಷ್ಟರಲ್ಲಿ 1960ರಲ್ಲಿ ಪಿಟೀಲು ವಾದಕ ಐಸಾಕ್ ಸ್ಟರ್ನ್ ಮುಂತಾದವರ ಹೋರಾಟದಿಂದ ಕಾರ್ನೆಗಿ ಹಾಲ್ ಉಳಿಯಿತು, ನಗರಾಡಳಿತವೇ ಅದನ್ನು ಕೊಂಡಿತು. ಸಂಗೀತಕ್ಕೆ ಇದು ಭಾಗ್ಯ. ಹೊಸ ಹಾಲ್‌ಗೆ ಮಾತ್ರ ಒಂದು ಮೈಲಿಯೊಳಗೇ ಶಾಶ್ವತ ಹೋಲಿಕೆ ಹುಟ್ಟಿಕೊಂಡಿತು. ನಿನ್ನೆ ಅಲ್ಲಿ ಕೇಳಿದ ಕಿವಿ ಇಂದು ಇಲ್ಲಿ ಬಂದು ಕೂರುತ್ತದೆ. ವ್ಯತ್ಯಾಸ ಗೊತ್ತಾಗದೆ ಇರುತ್ತದೆಯೇ?

ಸೀಟುಗಳ ತೀರ್ಮಾನ

ವಾಸ್ತುಶಿಲ್ಪಿ ಮ್ಯಾಕ್ಸ್ ಅಬ್ರಮೊವಿಟ್ಸ್. ಧ್ವನಿಯ ಹೊಣೆ ಬೋಲ್ಟ್, ಬೆರಾನೆಕ್ ಅಂಡ್ ನ್ಯೂಮನ್ ಸಂಸ್ಥೆಯದು. ಲಿಯೊ ಬೆರಾನೆಕ್ ತಯಾರಿಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಪ್ರಪಂಚದ 54 ಸಭಾಂಗಣಗಳ ಅಳತೆ ತೆಗೆದು, ವಾದ್ಯವೃಂದಗಳ ನಿರ್ದೇಶಕರನ್ನೂ ವಿಮರ್ಶಕರನ್ನೂ ಕೇಳಿ, ಯಾವುದು ಯಾಕೆ ಚೆನ್ನಾಗಿದೆ ಎಂದು ಪಟ್ಟಿ ಮಾಡಿದರು. ವಿಯೆನ್ನಾದ ಮ್ಯೂಸಿಕ್‌ಫೆರೈನ್, ಆಮ್‌ಸ್ಟರ್‌ಡ್ಯಾಮಿನ ಕಾನ್ಸರ್ಟ್‌ಹೆಬೌ, ಬಾಸ್ಟನ್ನಿನ ಸಿಂಫನಿ ಹಾಲ್ ಮೂರೂ ಮೇಲಿನ ಸಾಲಿನಲ್ಲಿ ನಿಂತವು. ಮೂರೂ ಆಯತಾಕಾರದವು, ಎತ್ತರದ ಚಾವಣಿಯವು. ಷೂ ಬಾಕ್ಸ್ ಎಂದು ಆ ವೃತ್ತಿಯವರು ಕರೆಯುವ ಆಕಾರ. ಅದೇ ಮಾದರಿಯಲ್ಲಿ ಸುಮಾರು 2,400 ಸೀಟುಗಳ ಹಾಲ್ ಎಂದು ಮೊದಲ ನಕ್ಷೆ ಸಿದ್ಧವಾಯಿತು.

ಈ ಪ್ರಕರಣದ ಮೊದಲ ತಿರುವು ಇಲ್ಲಿದೆ. ಕಾರ್ನೆಗಿ ಹಾಲ್‌ನಲ್ಲಿ 2,700ಕ್ಕೂ ಹೆಚ್ಚು ಜನ ಕೂರುತ್ತಾರೆ, ಹೊಸದು ಅದಕ್ಕಿಂತ ಚಿಕ್ಕದಾಗುವುದು ಎಂಥ ಮಾತು ಎಂದು ಪತ್ರಿಕೆಯಲ್ಲಿ ಗದ್ದಲವಾಯಿತು. ಕಟ್ಟಡ ಸಮಿತಿ ಮಣಿಯಿತು. ಸೀಟು 2,600 ದಾಟಿತು, ಪಕ್ಕದ ಗೋಡೆಗಳೂ ಬಾಲ್ಕನಿಗಳೂ ಮೊದಲಿನ ಆಕಾರ ಬಿಟ್ಟುಕೊಟ್ಟವು. ನಕ್ಷೆಯ ಮೇಲೆ ನೋಡಿದರೆ ಇನ್ನೂರು ಚಿಲ್ಲರೆ ಕುರ್ಚಿಗಳ ಮಾತು, ಅಷ್ಟೇ.

ಆದರೆ ಕುರ್ಚಿ ಎಂದರೆ ಬರಿಯ ಕುರ್ಚಿಯಲ್ಲ. ಒಂದು ಕೋಣೆಯಲ್ಲಿ ನಾದ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಕೋಣೆಯ ಗಾತ್ರವನ್ನೂ ಒಳಗಿರುವ ವಸ್ತುಗಳು ಎಷ್ಟು ಸದ್ದು ಹೀರುತ್ತವೆ ಎಂಬುದನ್ನೂ ಅವಲಂಬಿಸಿದೆ ಎಂದು ಬಾಸ್ಟನ್ ಹಾಲ್‌ನ ಕಾಲದಲ್ಲೇ ಭೌತವಿಜ್ಞಾನಿ ವ್ಯಾಲೇಸ್ ಸಬೈನ್ ತೋರಿಸಿಕೊಟ್ಟಿದ್ದರು. ಸಂಗೀತ ಸಭಾಂಗಣದಲ್ಲಿ ಸದ್ದು ಹೀರುವುದರಲ್ಲಿ ಎಲ್ಲಕ್ಕಿಂತ ಮುಂದಿರುವುದು ಬಟ್ಟೆ ಹಾಕಿಕೊಂಡು ಕುಳಿತ ಮನುಷ್ಯ. ಸಿಂಫನಿಗೆ ಬೇಕಾದ ಅನುರಣನ, ಅಂದರೆ ನಾದ ಉಳಿಯುವ ಹೊತ್ತು, ಸುಮಾರು 2 ಸೆಕೆಂಡು. ಜನ ಹೆಚ್ಚಾದಂತೆ ಹಾಲ್ ಅಗಲವಾಗಬೇಕು, ಉದ್ದವಾಗಬೇಕು. ಅಗಲವಾದಂತೆ ಪಕ್ಕದ ಗೋಡೆಗೆ ತಾಗಿ ಬರುವ ನಾದ ತಡವಾಗುತ್ತದೆ, ಸಪ್ಪೆಯಾಗುತ್ತದೆ.

ಆ ಕೊರತೆ ತುಂಬಲು ಬೆರಾನೆಕ್ ತಂಡ ಚಾವಣಿಯಿಂದ ಫಲಕಗಳನ್ನು ಇಳಿಬಿಟ್ಟಿತು. ಅವುಗಳಿಗೆ ‘ಮೋಡಗಳು’ ಎಂದೇ ಹೆಸರು ಬಿತ್ತು. ಗೋಡೆಯಿಂದ ಬೇಗ ಬಾರದ ಪ್ರತಿಫಲನ ಮೇಲಿನಿಂದಲಾದರೂ ಬೇಗ ಬರಲಿ ಎಂಬುದು ಲೆಕ್ಕ.

ಮೊದಲ ರಾತ್ರಿಯಿಂದ

1962ರ ಸೆಪ್ಟೆಂಬರ್ 23ರಂದು ಲಿಯೊನಾರ್ಡ್ ಬರ್ನ್‌ಸ್ಟೈನ್ ನಿರ್ದೇಶನದಲ್ಲಿ ಉದ್ಘಾಟನೆ. ಅಧ್ಯಕ್ಷರ ಪತ್ನಿ ಜಾಕ್ವೆಲಿನ್ ಕೆನಡಿ ಬಂದಿದ್ದರು, ದೇಶಕ್ಕೆಲ್ಲ ಟಿವಿಯಲ್ಲಿ ನೇರ ಪ್ರಸಾರವಿತ್ತು. ದೂರುಗಳು ತಡಮಾಡಲಿಲ್ಲ. ಚೆಲ್ಲೊ ವಾದಕರ ಕಮಾನು ಆಡುವುದು ಕಾಣಿಸುತ್ತದೆ, ನಾದ ಬರುವುದಿಲ್ಲ ಎಂದರು ಕೇಳುಗರು. ಹಿಂದಿನ ಗೋಡೆಯಿಂದ ಪ್ರತಿಧ್ವನಿ ಬರುತ್ತದೆ ಎಂದರು. ಪಕ್ಕದಲ್ಲಿ ಕುಳಿತವರ ವಾದ್ಯವೇ ನಮಗೆ ಕೇಳಿಸುವುದಿಲ್ಲ ಎಂದರು ವಾದಕರು.

ಮಂದ್ರದ ನಾದ ಎಲ್ಲಿ ಹೋಯಿತು? ಚೆಲ್ಲೊ, ಡಬಲ್ ಬಾಸ್‌ಗಳ ಕೆಳಗಿನ ಸ್ವರಗಳ ಅಲೆ 3 ಮೀಟರಿಗೂ ಉದ್ದ. ಬಿಡಿಬಿಡಿಯಾಗಿ ತೂಗಿದ ಫಲಕಗಳು ಅಷ್ಟು ಉದ್ದದ ಅಲೆಗೆ ತಡೆಯೇ ಅಲ್ಲ. ಅದು ಅವುಗಳನ್ನು ಬಳಸಿಕೊಂಡು ಮೇಲಕ್ಕೆ ಹೋಗಿಬಿಡುತ್ತದೆ. ಪಿಟೀಲಿನ ತಾರ ಸ್ವರಗಳು ಮಾತ್ರ ಫಲಕಕ್ಕೆ ತಾಗಿ ಕೆಳಗೆ ಬರುತ್ತವೆ. ಹಾಗಾಗಿ ಹಾಲ್ ಚುರುಕಾಗಿ ಕೇಳಿಸಿತು, ತುಂಬಿಕೊಂಡು ಕೇಳಿಸಲಿಲ್ಲ.

ಇನ್ನೊಂದು ಕಾರಣ ಆಗ ಯಾರಿಗೂ ಗೊತ್ತಿರಲಿಲ್ಲ. ತೊಂದರೆ ಹುಡುಕಲು ಟೆಲಿಫೋನ್ ಕಂಪನಿಯ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನ ವಿಜ್ಞಾನಿಗಳು ಅಳತೆಗೆ ಇಳಿದರು. ಸಾಲುಸಾಲು ಸೀಟುಗಳ ಮೇಲೆ ಸವರಿಕೊಂಡು ಹೋಗುವ ನಾದದಲ್ಲಿ 150 ಹರ್ಟ್ಸ್‌ನ ಆಸುಪಾಸಿನ, ಅಂದರೆ ಮಂದ್ರದ, ಭಾಗ ಬಲವಾಗಿ ಕುಗ್ಗುತ್ತದೆ ಎಂಬುದು 1964ರ ಅಧ್ಯಯನಗಳಲ್ಲಿ ಹೊರಬಂತು. ಅದನ್ನು ವಿವರಿಸಿದವರಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಇದ್ದರು. ಮುಂದೆ ಕೋಟ್ಯಂತರ ಫೋನುಗಳೊಳಗೆ ಸೇರಿದ ಎಲೆಕ್ಟ್ರೆಟ್ ಮೈಕ್ ಕಂಡುಹಿಡಿದ ಜೋಡಿಯೂ ಅವರೇ. ಹಳೆಯ ಒಳ್ಳೆಯ ಹಾಲ್‌ಗಳಲ್ಲೂ ಈ ಕುಗ್ಗುವಿಕೆ ಇದೆ, ಆದರೆ ಅಲ್ಲಿ ಗೋಡೆ, ಚಾವಣಿಗಳಿಂದ ಬರುವ ನಾದ ಅದನ್ನು ತುಂಬಿಕೊಡುತ್ತದೆ. ಪಕ್ಕದಿಂದ ಬರುವ ಪ್ರತಿಫಲನವೇ ಕೇಳುಗನಿಗೆ ನಾದದೊಳಗೆ ಕುಳಿತ ಅನುಭವ ಕೊಡುತ್ತದೆ ಎಂದು ಧ್ವನಿತಜ್ಞ ಹೆರಾಲ್ಡ್ ಮಾರ್ಷಲ್ ವಾದಿಸಿದ್ದು 1967ರಲ್ಲಿ. ಫಿಲ್ಹಾರ್ಮಾನಿಕ್ ಹಾಲ್‌ನ ಮೋಡಗಳು ಕೊಟ್ಟದ್ದು ಮೇಲಿನ ಪ್ರತಿಫಲನ, ಬೇಕಾಗಿದ್ದದ್ದು ಪಕ್ಕದ್ದು.

ಬೆರಾನೆಕ್ ಅವರ ಹೆಸರಿಗೆ ಈ ಹಾಲ್ ಬಹಳ ಪೆಟ್ಟು ಕೊಟ್ಟಿತು. ತಪ್ಪು ಪೂರ್ತಿ ಅವರದೇ ಎಂದು ನಾನು ಒಪ್ಪುವುದಿಲ್ಲ. ಆ ಹೊತ್ತಿಗೆ ಇದ್ದ ವಿಜ್ಞಾನವೇ ಅರ್ಧ. ಅದರ ಮೇಲೆ ಅವರ ನಕ್ಷೆಯನ್ನು ನಡುವೆ ಹಿಗ್ಗಿಸಿದರು.

ಹತ್ತು ವರ್ಷ ರಿಪೇರಿ, ಆಮೇಲೆ ಮೊದಲ ಕೆಡವುವಿಕೆ

1963ರಿಂದ ಶುರುವಾದ ದುರಸ್ತಿಗಳನ್ನು ಬೇಗ ಹೇಳಿ ಮುಗಿಸಬಹುದು. ಮೋಡಗಳ ನಡುವಿನ ಸಂದು ಮುಚ್ಚಿದರು, ಹಿಂದಿನ ಗೋಡೆಗೆ ಸದ್ದು ಹೀರುವ ಹೊದಿಕೆ ಹಾಕಿದರು, ಜರ್ಮನಿಯ ಧ್ವನಿತಜ್ಞ ಹೈನ್ರಿಖ್ ಕೈಲ್‌ಹೋಲ್ಟ್ಸ್ ಅವರನ್ನು ಕರೆಸಿದರು. ಕೊನೆಗೆ ಮೋಡಗಳನ್ನೇ ತೆಗೆದು ಹೊಸ ಚಾವಣಿ ಮಾಡಿದರು. ಪ್ರತಿ ಸಲವೂ ಸ್ವಲ್ಪ ಸುಧಾರಣೆ, ಮತ್ತೆ ಅದೇ ಗೊಣಗಾಟ.

1973ರಲ್ಲಿ ಹೈಫೈ ಉಪಕರಣಗಳ ತಯಾರಕ ಏವರಿ ಫಿಶರ್ 1.05 ಕೋಟಿ ಡಾಲರ್ ದಾನ ಕೊಟ್ಟರು. ಹಾಲ್‌ಗೆ ಅವರ ಹೆಸರು ಬಂತು, ಶಾಶ್ವತವಾಗಿ ಎಂಬ ಒಪ್ಪಂದದೊಂದಿಗೆ. 1976ರಲ್ಲಿ ಧ್ವನಿತಜ್ಞ ಸಿರಿಲ್ ಹ್ಯಾರಿಸ್ ಮತ್ತು ವಾಸ್ತುಶಿಲ್ಪಿಗಳಾದ ಫಿಲಿಪ್ ಜಾನ್ಸನ್, ಜಾನ್ ಬರ್ಜಿ ಅವರ ಕೈಗೆ ಕೆಲಸ ಹೋಯಿತು. ಒಳಗಿನದನ್ನೆಲ್ಲ ಉಕ್ಕಿನ ಚೌಕಟ್ಟಿನವರೆಗೆ ಕಿತ್ತುಹಾಕಿ, ಬೇಸಿಗೆ ಕಳೆದು ಅಕ್ಟೋಬರ್ ಬರುವಷ್ಟರಲ್ಲಿ ಹೊಸ ಷೂ ಬಾಕ್ಸ್ ಕಟ್ಟಿ ನಿಲ್ಲಿಸಿದರು. ಎಂಥ ದುಡಿಮೆ! ಆರಂಭದಲ್ಲಿ ಹೊಗಳಿಕೆಯೂ ಬಂತು.

ಕಡಿಮೆ ಮಾಡದೆ ಬಿಟ್ಟದ್ದು ಸೀಟು. ಹೊಸ ಹಾಲ್‌ನಲ್ಲಿ 2,738 ಸೀಟು, ಅಂದರೆ 1962ಕ್ಕಿಂತಲೂ ಹೆಚ್ಚು. ಬಾಸ್ಟನ್ ಹಾಲ್‌ನಲ್ಲೂ 2,600ರಷ್ಟು ಸೀಟುಗಳಿವೆ, ಆದರೆ ಅವು 1900ರ ಚಿಕ್ಕ ಕುರ್ಚಿಗಳು, ಒತ್ತೊತ್ತಾದ ಸಾಲುಗಳು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿನ ಕೇಳುಗನಿಗೆ ಕಾಲು ಚಾಚಲು ಜಾಗ ಬೇಕು, ಬೆಂಕಿ ಬಿದ್ದರೆ ಹೊರಗೋಡಲು ಅಗಲವಾದ ದಾರಿ ಬೇಕು. ಅದೇ ಸಂಖ್ಯೆ ಇಟ್ಟುಕೊಂಡರೆ ಹಾಲ್ ಉದ್ದವಾಗಲೇಬೇಕು. ವೇದಿಕೆ ಒಂದು ತುದಿಯಲ್ಲಿ, ನಾಟಕರಂಗದಂಥ ಚೌಕಟ್ಟಿನ ಹಿಂದೆ, ಜನ ದೂರದಲ್ಲಿ.

ಈ ಹಾಲ್‌ನಲ್ಲೇ ಮುಂಬೈಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ 1978ರಿಂದ 1991ರವರೆಗೆ ಸಂಗೀತ ನಿರ್ದೇಶಕರಾಗಿದ್ದರು. 1981ರಲ್ಲಿ ರವಿಶಂಕರ್ ಅವರ ಎರಡನೆಯ ಸಿತಾರ್ ಕಾನ್ಸರ್ಟೊ ಅವರ ನಿರ್ದೇಶನದಲ್ಲಿ ಮೊದಲ ಬಾರಿ ನುಡಿದದ್ದೂ ಇಲ್ಲಿ. ಕೆಟ್ಟ ಹಾಲ್‌ನಲ್ಲೂ ದೊಡ್ಡ ಸಂಗೀತ ನಡೆಯುತ್ತದೆ. ಆಡಳಿತ ಮಂಡಳಿಗಳು ತೀರ್ಮಾನ ಮುಂದೂಡಲು ಇದೂ ಒಂದು ಕಾರಣವೇ. 1992ರಲ್ಲಿ ಧ್ವನಿತಜ್ಞ ರಸೆಲ್ ಜಾನ್ಸನ್ ವೇದಿಕೆಯ ಸುತ್ತ ಉಬ್ಬಿದ ಮರದ ಪ್ರತಿಫಲಕಗಳನ್ನು ಕೂರಿಸಿದರು. ವಾದಕರಿಗೆ ಒಬ್ಬರದೊಬ್ಬರಿಗೆ ಕೇಳಿಸುವುದು ತುಸು ಸುಲಭವಾಯಿತು. ಸಭಿಕರ ಕಡೆಯ ಕಥೆ ಹೆಚ್ಚು ಬದಲಾಗಲಿಲ್ಲ.

ತೀರ್ಮಾನ ಯಾರದು?

ಕಟ್ಟಡ ಲಿಂಕನ್ ಸೆಂಟರ್‌ನದು, ಫಿಲ್ಹಾರ್ಮಾನಿಕ್ ಬಾಡಿಗೆದಾರ. ನನಗೆ ಈ ಪ್ರಕರಣದಲ್ಲಿ ಧ್ವನಿವಿಜ್ಞಾನದಷ್ಟೇ ಮುಖ್ಯವಾಗಿ ಕಾಣುವುದು ಈ ಸಂಬಂಧ. ತೊಂದರೆ ಅನುಭವಿಸುವವರು ಒಬ್ಬರು, ಒಡೆಯುವ ಅಧಿಕಾರ ಇನ್ನೊಬ್ಬರದು. 2003ರಲ್ಲಿ ಬೇಸತ್ತ ಫಿಲ್ಹಾರ್ಮಾನಿಕ್ ಹಳೆಯ ಮನೆಗೇ, ಕಾರ್ನೆಗಿ ಹಾಲ್‌ಗೆ, ಮರಳಿ ಅದರೊಂದಿಗೆ ವಿಲೀನವಾಗುವುದಾಗಿ ಘೋಷಿಸಿತು. ಕೆಲವೇ ತಿಂಗಳಲ್ಲಿ ಮಾತುಕತೆ ಮುರಿದುಬಿತ್ತು. ಹೊರಟವರು ವಾಪಸಾದರು, ನಂಬಿಕೆ ವಾಪಸಾಗಲು ಬಹಳ ವರ್ಷ ಹಿಡಿಯಿತು. 2005ರಲ್ಲಿ ದುರಸ್ತಿಗೆ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರನ್ನು ಆರಿಸಿದರು, ಕೆಲಸ ನಡೆಯಲಿಲ್ಲ.

ದಾನಿಯ ಹೆಸರೂ ಅಡ್ಡ ನಿಂತಿತು. ದೊಡ್ಡ ದುರಸ್ತಿಗೆ ದೊಡ್ಡ ದಾನಿ ಬೇಕು, ದೊಡ್ಡ ದಾನಿಗೆ ಬಾಗಿಲ ಮೇಲೆ ಹೆಸರು ಬೇಕು. ಆ ಜಾಗ 1973ರಲ್ಲೇ ಶಾಶ್ವತವಾಗಿ ಬರೆದುಕೊಟ್ಟಾಗಿತ್ತು. ಫಿಶರ್ ಕುಟುಂಬಕ್ಕೆ 1.5 ಕೋಟಿ ಡಾಲರ್ ಕೊಟ್ಟು ಹೆಸರು ಬಿಡಿಸಿಕೊಂಡ ಮೇಲೆ, 2015ರಲ್ಲಿ ಮನರಂಜನಾ ಉದ್ಯಮಿ ಡೇವಿಡ್ ಗೆಫೆನ್ 10 ಕೋಟಿ ಡಾಲರ್ ಕೊಟ್ಟರು. ಈ ಹೆಸರೂ ಶಾಶ್ವತ. ಮೊದಲನೆಯ ಒಪ್ಪಂದ ಎಷ್ಟು ದುಬಾರಿಯಾಯಿತೆಂದು ಕಂಡೂ ಅವಧಿ ಹಾಕದೆ ಬರೆದುಕೊಟ್ಟದ್ದು ಸರಿಯಲ್ಲವೆಂದೇ ನನಗೆ ಅನಿಸುತ್ತದೆ. ನಮ್ಮಲ್ಲಿ ಕಟ್ಟಡಕ್ಕೆ ದಾನಿಗಳ ಹೆಸರಿಡುವ ಸಂಘ ಸಂಸ್ಥೆಗಳು ಇಂಥ ಪತ್ರದಲ್ಲಿ ವರ್ಷದ ಮಿತಿ ಹಾಕಿಸಿಕೊಳ್ಳಬೇಕು.

ಗೆಫೆನ್ ಹಣ ಬಂದ ಮೇಲೆ ವಿನ್ಯಾಸಕಾರ ಥಾಮಸ್ ಹೆದರ್‌ವಿಕ್ ಅವರನ್ನು ಡೈಮಂಡ್ ಶ್ಮಿಟ್ ಎಂಬ ವಾಸ್ತುಶಿಲ್ಪ ಸಂಸ್ಥೆಯ ಜೊತೆಗೆ ನೇಮಿಸಿದರು. ಯೋಜನೆ ಬೆಳೆಯುತ್ತ ಹೋಯಿತು: ಖರ್ಚು ಏರಿತು, ವೃಂದ ಹಲವು ಸೀಸನ್ ಮನೆಯಿಲ್ಲದೆ ಅಲೆಯಬೇಕಾಗುವ ಸ್ಥಿತಿ ಬಂತು. ವರ್ಷವರ್ಷ ಚಂದಾ ಕಟ್ಟಿ ಅದೇ ಸೀಟಿಗೆ ಬರುವ ಕೇಳುಗರನ್ನು ಅಷ್ಟು ಕಾಲ ಬೇರೆಡೆ ಕಳಿಸಿದರೆ ಎಲ್ಲರೂ ಮರಳುತ್ತಾರೆಂಬ ಭರವಸೆ ಯಾರಿಗಿತ್ತು? 2017ರಲ್ಲಿ ಡೆಬೊರಾ ಬೋರ್ಡಾ ಫಿಲ್ಹಾರ್ಮಾನಿಕ್‌ನ ಮುಖ್ಯಸ್ಥೆಯಾಗಿ ಮರಳಿದರು. ಆ ಅಕ್ಟೋಬರ್‌ನಲ್ಲಿ ಎರಡೂ ಸಂಸ್ಥೆಗಳು ಸೇರಿ ಆ ಯೋಜನೆಯನ್ನು ಕೈಬಿಟ್ಟವು.

ಎರಡನೆಯ ದೊಡ್ಡ ತಿರುವು ಇದೇ. ವರ್ಷಗಟ್ಟಲೆ ಬೆವರು ಸುರಿಸಿದ, ಊರೆಲ್ಲ ಮಾತಾಡಿಕೊಂಡ ನಕ್ಷೆಯನ್ನು ಬಿಡುವುದು ಆಡಳಿತಗಾರರಿಗೆ ಅವಮಾನದ ಹಾಗೆ ಕಾಣುತ್ತದೆ. ಅವರು ಬಿಟ್ಟರು. ಬಿಟ್ಟ ಮೇಲೆ ಪ್ರಶ್ನೆ ಸರಳವಾಯಿತು: ಹೊರಗಿನ ಕಂಬಸಾಲು, ಚಿಪ್ಪು ಹಾಗೇ ಇರಲಿ, ಒಳಗೆ ಸಂಗೀತ ಚೆನ್ನಾಗಿ ಕೇಳಿಸಲು ಏನು ಬೇಕು?

25 ಅಡಿ ಮುಂದಕ್ಕೆ

2019ರ ಡಿಸೆಂಬರ್‌ನಲ್ಲಿ ಹೊಸ ಯೋಜನೆ ಹೊರಬಂತು. ಸಭಾಂಗಣ ಡೈಮಂಡ್ ಶ್ಮಿಟ್ ಅವರದು, ಧ್ವನಿಯ ಹೊಣೆ ‘ಅಕುಸ್ಟಿಕ್ಸ್’ (Akustiks) ಎಂಬ ಸಂಸ್ಥೆಯ ಪಾಲ್ ಸ್ಕಾರ್‌ಬ್ರೋ ಅವರದು, ಮೊಗಸಾಲೆ ಮೊದಲಾದ ಸಾರ್ವಜನಿಕ ಜಾಗಗಳು ವಾಸ್ತುಶಿಲ್ಪಿಗಳಾದ ಟಾಡ್ ವಿಲಿಯಮ್ಸ್ ಮತ್ತು ಬಿಲ್ಲೀ ಸಿಯೆನ್ ಅವರವು. ವೆಚ್ಚ 55 ಕೋಟಿ ಡಾಲರ್.

ಸೀಟು 2,738ರಿಂದ 2,200ಕ್ಕೆ ಇಳಿಯಿತು. ವೇದಿಕೆಯನ್ನು ಚೌಕಟ್ಟಿನಿಂದ ಹೊರಗೆಳೆದು 25 ಅಡಿ ಮುಂದಕ್ಕೆ ತಂದರು. ಖಾಲಿಯಾದ ಜಾಗದಲ್ಲಿ, ವಾದಕರ ಬೆನ್ನ ಹಿಂದೆಯೂ ಪಕ್ಕದಲ್ಲೂ, ಜನರನ್ನು ಕೂರಿಸಿದರು. ಮೊದಲು ವೇದಿಕೆ ಹಾಲ್‌ನ ಒಂದು ಕೊನೆ. ಈಗ ಅದು ಕೋಣೆಯೊಳಗಿದೆ. ಟಿಂಪನಿ ಎಂಬ ದೊಡ್ಡ ನಗಾರಿ ಬಾರಿಸುವವರ ಕೈಯನ್ನು ಹಿಂದಿನಿಂದ ನೋಡಬಹುದು, ನಿರ್ದೇಶಕರ ಮುಖವನ್ನು ಎದುರಿನಿಂದ ನೋಡಬಹುದು. ಗೋಡೆಗಳಿಗೆ ಬೀಚ್ ಮರದ ಹಲಗೆ, ಅದರ ಮೈ ಪೂರ್ತಿ ಅಲೆಅಲೆ. ಆ ಅಲೆಗಳು ಅಂದಕ್ಕೆ ಮಾಡಿದವಲ್ಲ. ಸಪಾಟು ಗೋಡೆ ನಾದವನ್ನು ಕನ್ನಡಿಯ ಹಾಗೆ ಒಂದೇ ದಿಕ್ಕಿಗೆ ತಳ್ಳುತ್ತದೆ, ಅದು ಕಿವಿಗೆ ಚುಚ್ಚುತ್ತದೆ. ಅಲೆಯಿದ್ದರೆ ಅದು ಚದುರಿ ಮೃದುವಾಗಿ ಹರಡುತ್ತದೆ.

ಕೆಲಸ ಹಂತಹಂತವಾಗಿ 2024ರವರೆಗೆ ನಡೆಯಬೇಕಿತ್ತು, ನಡುನಡುವೆ ಕಛೇರಿಗಳೂ ಇರಬೇಕಿತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಎಲ್ಲ ಸಭಾಂಗಣಗಳಿಗೂ ಬೀಗ ಬಿತ್ತು. ಟಿಕೆಟ್ ಆದಾಯ ಪೂರ್ತಿ ನಿಂತ ಆ ಹೊತ್ತಿನಲ್ಲಿ ಯೋಜನೆ ಮುಂದೂಡುವುದು ಯಾರಿಗಾದರೂ ಸಹಜವಾಗಿ ಹೊಳೆಯುವ ದಾರಿ. ಇವರು ಕೆಲಸವನ್ನು ಹಿಂದಕ್ಕೆ ಹಾಕದೆ ಮುಂದಕ್ಕೆ ತಂದರು: ಹೇಗೂ ಖಾಲಿ ಇದೆ, ಒಟ್ಟಿಗೇ ಒಡೆದು ಒಟ್ಟಿಗೇ ಕಟ್ಟೋಣ ಎಂದರು. ಕಛೇರಿಗಳು ಮತ್ತೆ ಶುರುವಾದಾಗ ವೃಂದ ಆಲಿಸ್ ಟಲ್ಲಿ ಹಾಲ್, ರೋಸ್ ಥಿಯೇಟರ್, ಕಾರ್ನೆಗಿ ಹಾಲ್‌ಗಳಲ್ಲಿ ನುಡಿಸಿತು. ಹಾಲ್ ಎರಡು ವರ್ಷ ಮುಂಚೆ ಸಿದ್ಧವಾಯಿತು.

2022ರ ಅಕ್ಟೋಬರ್ 8ರಂದು ಬಾಗಿಲು ತೆರೆಯಿತು. ಮೊದಲ ಕಾರ್ಯಕ್ರಮ ಟ್ರಿನಿಡಾಡ್ ಮೂಲದ ಟ್ರಂಪೆಟ್ ವಾದಕ ಎಟಿಯೆನ್ ಚಾರ್ಲ್ಸ್ ರಚಿಸಿದ, ಸ್ಯಾನ್ ವಾನ್ ಹಿಲ್‌ನ ಕಥೆ ಹೇಳುವ ಕೃತಿ. ಫಿಲ್ಹಾರ್ಮಾನಿಕ್ ಅವರ ತಂಡದೊಂದಿಗೆ ನುಡಿಸಿತು. ಹಾಲ್‌ನ 65ನೇ ಬೀದಿಯ ಹೊರಗೋಡೆಯ ಮೇಲೆ ನೀನಾ ಶನೆಲ್ ಆಬ್ನಿ ಅದೇ ಬಡಾವಣೆಯ ಚಿತ್ರ ಬಿಡಿಸಿದರು. ಒಕ್ಕಲೆದ್ದವರಿಗೆ ಇದು ಪರಿಹಾರವಲ್ಲ. ಆದರೂ ಅರವತ್ತು ವರ್ಷ ಮುಚ್ಚಿಟ್ಟ ಮಾತನ್ನು ಬಾಗಿಲಲ್ಲೇ ಹೇಳಿದ್ದು ದೊಡ್ಡದು.

ಏನು ಸಿಕ್ಕಿತು, ಏನು ಉಳಿಯಿತು

ನಾದ ಬೆಚ್ಚಗಾಯಿತು, ಸ್ಪಷ್ಟವಾಯಿತು, ವಾದಕರು ಹತ್ತಿರವಾದರು ಎಂಬುದರಲ್ಲಿ ಹೆಚ್ಚಿನ ವಿಮರ್ಶಕರಿಗೆ ಒಮ್ಮತವಿತ್ತು. ಪೂರ್ತಿ ವೃಂದ ಏರುದನಿಯಲ್ಲಿ ನುಡಿಸಿದಾಗ ತುಸು ಗಡುಸು ಎಂದು ಕೆಲವರು ಬರೆದರು. ಇದು ವಿಯೆನ್ನಾದ ಹಾಲ್ ಆಗಿಲ್ಲ, ಆಗುವ ಉದ್ದೇಶವೂ ಇರಲಿಲ್ಲ.

ನಮ್ಮ ಊರುಗಳಲ್ಲಿ ರಂಗಮಂದಿರದ ಕಡತ ತೆರೆದಾಗ ಮೊದಲ ಸಾಲಿನಲ್ಲೇ ‘ಆಸನ ಸಾಮರ್ಥ್ಯ’ ಇರುತ್ತದೆ. ಒಳಗೆ ಏನು ನಡೆಯಬೇಕು, ಮೈಕಿಲ್ಲದ ಮಾತು ಎಷ್ಟು ದೂರ ಮುಟ್ಟಬೇಕು ಎಂಬುದು ಆಮೇಲೆ. ನ್ಯೂಯಾರ್ಕಿನಲ್ಲಿ 1959ರ ಸುಮಾರಿಗೆ ಸಂಖ್ಯೆ ಮೊದಲು ಕುಳಿತಿತು, ಧ್ವನಿ ಅದಕ್ಕೆ ಹೊಂದಿಕೊಳ್ಳಬೇಕಾಯಿತು. 1976ರಲ್ಲಿ ಗೋಡೆ, ಚಾವಣಿ ಎಲ್ಲ ಬದಲಾಯಿತು, ಸಂಖ್ಯೆಯನ್ನು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. 538 ಸೀಟು ಕಳೆದುಕೊಂಡರೆ ಪ್ರತಿ ಕಛೇರಿಗೂ ಅಷ್ಟು ಟಿಕೆಟ್ ಹೋಗುತ್ತದೆ ಎಂಬುದು ನಿಜ. ವೇದಿಕೆ ಸರಿಯಾಗಿ ಕಾಣದ, ನಾದ ಸರಿಯಾಗಿ ಮುಟ್ಟದ ದೂರದ ಸೀಟುಗಳು ಎಷ್ಟು ರಾತ್ರಿ ತುಂಬುತ್ತಿದ್ದವು ಎಂಬ ಲೆಕ್ಕವನ್ನೂ ಅದರ ಪಕ್ಕದಲ್ಲೇ ಇಡಬೇಕು. ಹೊಸ ಹಾಲ್‌ನ ವೇದಿಕೆಯ ಹಿಂದಿನ ಸೀಟುಗಳು ಹಿಂದಿನ ನಕ್ಷೆಯಲ್ಲಿ ಇರಲೇ ಇಲ್ಲ. ಈಗ ಅಲ್ಲಿ ಕುಳಿತವರಿಗೆ ಡಬಲ್ ಬಾಸ್‌ನ ಮಂದ್ರ ಎದೆಗೇ ತಾಗುವಷ್ಟು ಹತ್ತಿರ.